ಕಡಲಿಗೆ ಹೋಗುವ ದಾರಿ ಯಾರದು?

ಮಾರಿಷಸ್ ಎಂದೊಡನೆ ನಮ್ಮಲ್ಲಿ ಅನೇಕರ ಕಣ್ಣ ಮುಂದೆ ಬರುವುದು ಪ್ರವಾಸ ಸಂಸ್ಥೆಗಳ ಜಾಹೀರಾತಿನ ಒಂದು ಚಿತ್ರ: ತಿಳಿನೀಲಿ ನೀರು, ಹಾಲಿನಂಥ ಮರಳು, ಬಾಗಿದ ತೆಂಗಿನ ಮರ, ಅದರ ನೆರಳಿನಲ್ಲಿ ಎರಡು ಖಾಲಿ ಆರಾಮ ಕುರ್ಚಿ. ಆ ಚಿತ್ರದಲ್ಲಿ ಊರಿನ ಜನ ಇರುವುದಿಲ್ಲ. 2024ರ ಅಕ್ಟೋಬರ್ ಕೊನೆಯಲ್ಲಿ ನಾನೂ ನನ್ನ ಪತ್ನಿಯೂ ಮೂರು ವಾರಗಳ ಮಟ್ಟಿಗೆ ಆ ದ್ವೀಪಕ್ಕೆ ಹೋಗಿದ್ದೆವು. ನಾವು ಇಳಿದುಕೊಂಡಿದ್ದು ಹೋಟೆಲಿನಲ್ಲಲ್ಲ, ನೆಂಟರ ಮನೆಯಲ್ಲಿ. ಹಾಗಾಗಿಯೇ ಇರಬೇಕು, ನಮಗೆ ಕಂಡ ಕಡಲತೀರಗಳಲ್ಲಿ ಕುರ್ಚಿಗಳು ಕಡಿಮೆ, ಜನ ಹೆಚ್ಚು.

ನನ್ನ ತಂಗಿಯ ಮಗಳು ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಗ, ಅಲ್ಲಿಗೆ ಕಲಿಯಲು ಬಂದಿದ್ದ ಮಾರಿಷಸ್ಸಿನ ತರುಣನೊಬ್ಬನನ್ನು ಮೆಚ್ಚಿ ಮದುವೆಯಾದಳು. ಹನ್ನೊಂದು ವರ್ಷಗಳಿಂದ ದ್ವೀಪದ ನಡುಭಾಗದ ಕ್ವಾತ್ರ್ ಬೋರ್ನ್ ಎಂಬ ಪಟ್ಟಣದಲ್ಲಿ ಆಕೆಯ ಸಂಸಾರ. ಗಂಡನ ಮನೆಯವರ ಹಿರೀಕರು ಬಿಹಾರದ ಕಡೆಯಿಂದ ಕಬ್ಬಿನ ಗದ್ದೆಯ ಕೂಲಿಗಳಾಗಿ ಹೋದವರು. ಮಾವನವರು ಪೂರ್ವ ಕರಾವಳಿಯ ಒಂದು ದೊಡ್ಡ ಹೋಟೆಲಿನಲ್ಲಿ ಮೂವತ್ತೊಂದು ವರ್ಷ ಅಡುಗೆ ಮಾಡಿ ನಿವೃತ್ತರಾದವರು. ಅವರ ತಾಯಿಗೆ ಎಂಬತ್ತಮೂರು ವರ್ಷ. ಆಕೆಯ ಭೋಜಪುರಿಗೂ ನನ್ನ ಸರ್ಕಾರಿ ತರಬೇತಿಯ ಹಿಂದಿಗೂ ನಡುವೆ ಹೇಗೋ ಒಂದು ಕಾಲುಸಂಕ ಬಿದ್ದು, ಮೂರನೆಯ ದಿನದ ಹೊತ್ತಿಗೆ ಮಾತು ಸರಾಗವಾಯಿತು.

ನವೆಂಬರ್ 2 ಅಲ್ಲಿ ಸಾರ್ವಜನಿಕ ರಜೆ. 1834ರ ಅದೇ ದಿನ ‘ಅಟ್ಲಾಸ್’ ಎಂಬ ಹಡಗು ಭಾರತದಿಂದ 36 ಮಂದಿ ಕರಾರು ಕೂಲಿಗಳನ್ನು ಹೊತ್ತು ಪೋರ್ಟ್ ಲೂಯಿ ಬಂದರಿಗೆ ಬಂದಿತ್ತು. ನಂತರದ ಎಂಟು ದಶಕಗಳಲ್ಲಿ ಬಂದವರ ಸಂಖ್ಯೆ ಹತ್ತಿರ ಹತ್ತಿರ ಐದು ಲಕ್ಷ. ಬೆಳಿಗ್ಗೆ ಬಂದರಿನ ಆಪ್ರವಾಸಿ ಘಾಟಿಗೆ ಹೋಗಿ, ಆ ಕೂಲಿಗಳು ಹತ್ತಿ ಬಂದ ಕಲ್ಲಿನ ಮೆಟ್ಟಿಲುಗಳನ್ನು ನೋಡಿದೆವು. 2006ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ತಾಣವೆಂದು ಗುರುತಿಸಿತು. ಮಧ್ಯಾಹ್ನ ಏನು ಕಾರ್ಯಕ್ರಮ ಎಂದು ಕೇಳಿದೆ. ಇದೇನು ಪ್ರಶ್ನೆ ಎಂಬಂತೆ ಅಜ್ಜಿ ನನ್ನ ಮುಖ ನೋಡಿ, ‘ಕಡಲಿಗೆ’ ಎಂದರು.

ಪಶ್ಚಿಮ ಕರಾವಳಿಯ ಫ್ಲಿಕ್ ಆಂ ಫ್ಲಾಕ್ ಎಂಬಲ್ಲಿಗೆ ಹೊರಟೆವು. ಕಾರಿನಲ್ಲಿ ಸ್ಥಳ ಸಾಲದೆ ಅಜ್ಜಿ, ನಾನು ಮತ್ತು ಬೀಗರು ಬಸ್ಸು ಹಿಡಿದೆವು. ಇನ್ನೊಂದು ವಾರದಲ್ಲಿ ಅಲ್ಲಿ ಮಹಾಚುನಾವಣೆ. ದಾರಿಯುದ್ದಕ್ಕೂ ಪಕ್ಷಗಳ ಬಣ್ಣದ ಬಾವುಟ. ಇಕ್ಕೆಲದ ಕಬ್ಬಿನ ಗದ್ದೆಗಳ ನಡುವೆ ಅಲ್ಲಲ್ಲಿ ಆಳೆತ್ತರದ ಕಪ್ಪು ಕಲ್ಲಿನ ರಾಶಿಗಳು. ಜ್ವಾಲಾಮುಖಿಯಿಂದ ಹುಟ್ಟಿದ ಆ ನೆಲವನ್ನು ಹದ ಮಾಡಲು ಕೂಲಿಗಳು ಬರಿಗೈಯಲ್ಲಿ ಹೆಕ್ಕಿ ಒಟ್ಟಿದ ಕಲ್ಲುಗಳು ಅವು. ಅಜ್ಜಿ ಟಿಕೆಟು ಕೊಳ್ಳಲಿಲ್ಲ. ತನ್ನ ಗುರುತಿನ ಚೀಟಿಯನ್ನು ನಿರ್ವಾಹಕನಿಗೆ ತೋರಿಸಿ ಮತ್ತೆ ಸೆರಗಿನ ಗಂಟಿನೊಳಗೆ ಇಟ್ಟುಕೊಂಡರು. 2005ರಿಂದ ಅಲ್ಲಿ ಹಿರಿಯರಿಗೂ ವಿದ್ಯಾರ್ಥಿಗಳಿಗೂ ಬಸ್ ಪ್ರಯಾಣ ಉಚಿತ. ನಮ್ಮಲ್ಲಿ 2023ರಲ್ಲಿ ಮಹಿಳೆಯರಿಗೆ ಬಸ್ ಉಚಿತವಾದಾಗ ಅವರು ಎಲ್ಲೆಲ್ಲಿಗೆ ಹೋಗುತ್ತಾರೆಂದು ಹಲವರು ಲೇವಡಿ ಮಾಡಿದ್ದು ನೆನಪಾಯಿತು. ಈ ಅಜ್ಜಿ ಎಲ್ಲಿಗೆ ಹೋಗುತ್ತಾರೆಂಬುದು ನನಗೆ ಗೊತ್ತು. ಮೊಣಕಾಲು ನೋವಿಲ್ಲದ ವಾರಗಳಲ್ಲಿ ಪಕ್ಕದ ಮನೆಯ ಗೆಳತಿಯೊಡನೆ ಕಡಲಿಗೆ ಹೋಗುತ್ತಾರೆ. ಸಂಜೆಯವರೆಗೆ ಗಾಳಿಮರದ ಕೆಳಗೆ ಕೂತು ಹಿಂತಿರುಗುತ್ತಾರೆ. ಅಷ್ಟೇ.

ಅಂದು ಫ್ಲಿಕ್ ಆಂ ಫ್ಲಾಕ್‌ನ ಸಾರ್ವಜನಿಕ ತೀರದಲ್ಲಿ ಜಾತ್ರೆಯ ಗೌಜು. ಗಾಳಿಮರದ ತೋಪಿನಲ್ಲಿ ಮರಕ್ಕೊಂದು ಸಂಸಾರ. ಒಂದು ಕಡೆ ದೊಡ್ಡ ಹಂಡೆಯಲ್ಲಿ ಬಿರಿಯಾನಿ. ಇನ್ನೊಂದು ಕಡೆ ನಮ್ಮ ಹೋಳಿಗೆಯ ತಮ್ಮನಂತಿರುವ ದಾಲ್ ಪುರಿ. ಉಪ್ಪು, ಮೆಣಸಿನ ಪುಡಿ, ಹುಣಿಸೆರಸ ಸವರಿದ ಅನಾನಸನ್ನು ತಳ್ಳುಗಾಡಿಯವನು ಮಾರುತ್ತಿದ್ದ. ಆಫ್ರಿಕಾ ಮೂಲದ ಕುಟುಂಬವೊಂದು ತಮಟೆಯಂಥ ‘ರವಾನ್’ ಬಡಿಯುತ್ತ ಸೆಗಾ ಕುಣಿಯುತ್ತಿತ್ತು. ಗುಲಾಮರ ಬಳುವಳಿಯಾದ ಆ ಕಲೆಯನ್ನೂ 2014ರಲ್ಲಿ ಯುನೆಸ್ಕೊ ತನ್ನ ಪಟ್ಟಿಗೆ ಸೇರಿಸಿಕೊಂಡಿದೆ. ಮುಸ್ಲಿಂ ಹೆಂಗಸರು, ತಮಿಳು ಕುಟುಂಬಗಳು, ಚೀನೀ ಮೂಲದ ವೃದ್ಧ ದಂಪತಿ, ಬಿಸಿಲಿಗೆ ಕೆಂಪಾದ ಯುರೋಪಿನ ಪ್ರವಾಸಿಗರು ಎಲ್ಲರೂ ಇದ್ದರು. ಯಾರೂ ಯಾರಿಗೂ ಪ್ರವೇಶ ಶುಲ್ಕ ಕೊಟ್ಟಿರಲಿಲ್ಲ.

ಅಲ್ಲಿ ಕೂತು ಅಜ್ಜಿ ಹೇಳಿದ ಒಂದು ಸಂಗತಿ ಈ ಲೇಖನಕ್ಕೆ ಕಾರಣ. ಅವರ ಗಂಡನ ಅಜ್ಜ ಹಡಗಿನಿಂದಿಳಿದು ಕಬ್ಬಿನ ತೋಟ ಸೇರಿದ ಮೇಲೆ ಮತ್ತೆ ಕಡಲನ್ನು ನೋಡಿದ್ದು ಜೀವಮಾನದಲ್ಲಿ ಒಂದೇ ಬಾರಿಯಂತೆ. ಆ ದ್ವೀಪ ತುದಿಯಿಂದ ತುದಿಗೆ ಅರವತ್ತೈದು ಕಿಲೋಮೀಟರು; ಎಲ್ಲಿ ನಿಂತರೂ ಕಡಲು ಒಂದು ಹಗಲಿನ ನಡಿಗೆಯೊಳಗೆ ಇರುತ್ತದೆ. ಆದರೂ ನೋಡಲಿಲ್ಲ. ಕಾರಣವನ್ನು ಇತಿಹಾಸ ಹೇಳುತ್ತದೆ. 1867ರ ಕಾರ್ಮಿಕ ಕಾನೂನಿನ ಪ್ರಕಾರ, ಕರಾರು ಮುಗಿಸಿದ ಕೂಲಿಯೂ ಸದಾ ತನ್ನ ಭಾವಚಿತ್ರವಿರುವ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡಿರಬೇಕಿತ್ತು. ಚೀಟಿ ಇಲ್ಲದೆ ಹೊರಗೆ ಸಿಕ್ಕವನು ಅಲೆಮಾರಿಯೆಂಬ ಆರೋಪದ ಮೇಲೆ ಸೆರೆಮನೆ ಸೇರುತ್ತಿದ್ದ. ದೂರುಗಳು ಹೆಚ್ಚಿ 1872ರಲ್ಲಿ ಬ್ರಿಟಿಷ್ ಸರ್ಕಾರ ವಿಚಾರಣಾ ಆಯೋಗವನ್ನೇ ನೇಮಿಸಬೇಕಾಯಿತು. ಭಾವಚಿತ್ರದ ಚೀಟಿಯಿಂದ ತೋಟದೊಳಗೆ ಕಟ್ಟಿಹಾಕಲ್ಪಟ್ಟವರ ಮನೆಯ ಸೊಸೆ ಇಂದು ಭಾವಚಿತ್ರದ ಚೀಟಿ ತೋರಿಸಿ ಬಿಟ್ಟಿ ಬಸ್ಸಿನಲ್ಲಿ ಕಡಲಿಗೆ ಬರುತ್ತಾರೆ. ಸ್ವಾತಂತ್ರ್ಯ ಎಂಬ ಮಾತಿಗೆ ನಾನು ಓದಿದ ಅರ್ಥವಿವರಣೆಗಳಲ್ಲಿ ಇಷ್ಟು ಸ್ಪಷ್ಟವಾದುದು ಕಡಿಮೆ.

ಇದು ಸಾಧ್ಯವಾದದ್ದು ಒಂದು ವಿಚಿತ್ರ ಕಾನೂನಿನಿಂದ. ಫ್ರೆಂಚರ ಆಳ್ವಿಕೆಯ ಕಾಲದಲ್ಲಿ ದ್ವೀಪದ ಸುತ್ತ ಐವತ್ತು ‘ಜ್ಯಾಮಿತೀಯ ಹೆಜ್ಜೆ’ಗಳಷ್ಟು ಅಗಲದ ಪಟ್ಟಿಯನ್ನು ಸರ್ಕಾರ ತನ್ನದೆಂದು ಕಾದಿರಿಸಿಕೊಂಡಿತು. ಒಂದು ಹೆಜ್ಜೆಗೆ ಐದು ಫ್ರೆಂಚ್ ಅಡಿ. ಒಟ್ಟು ಅಗಲ, ಉಬ್ಬರದ ಗೆರೆಯಿಂದ ಒಳಕ್ಕೆ 81.21 ಮೀಟರು. 1807ರಲ್ಲಿ ಗವರ್ನರ್ ದೆಕಾಂ ಆ ಪಟ್ಟಿಯನ್ನು ಯಾರಿಗೂ ಪರಭಾರೆ ಮಾಡಕೂಡದೆಂದು ಆಜ್ಞೆ ಹೊರಡಿಸಿದ. ಉದ್ದೇಶವೇನೂ ಉದಾತ್ತವಲ್ಲ: ಬ್ರಿಟಿಷರ ಹಡಗು ಬಂದರೆ ಫಿರಂಗಿ ಇಡಲು ಜಾಗ ಬೇಕಿತ್ತು. 1810ರಲ್ಲಿ ಬ್ರಿಟಿಷರು ಬಂದೇ ಬಂದರು, ದ್ವೀಪವನ್ನು ಗೆದ್ದರು. ಆದರೆ ಕಾನೂನನ್ನು ಉಳಿಸಿಕೊಂಡು 1895ರಲ್ಲಿ ಅದಕ್ಕೊಂದು ಶಾಸನದ ರೂಪ ಕೊಟ್ಟರು. ಫಿರಂಗಿಗಾಗಿ ಉಳಿದ ನೆಲ ಹೀಗೆ ಬಿರಿಯಾನಿ ಹಂಡೆಗೆ ಒದಗಿತು. 2002ರಲ್ಲಿ ಸಾರ್ವಜನಿಕ ತೀರಗಳನ್ನು ನೋಡಿಕೊಳ್ಳಲು ಪ್ರತ್ಯೇಕ ಪ್ರಾಧಿಕಾರವೂ ಸ್ಥಾಪನೆಯಾಯಿತು.

ಹಾಗೆಂದು ಅಲ್ಲಿ ಎಲ್ಲವೂ ಸರಿಯಿದೆ ಎಂದು ತಿಳಿಯಬೇಕಿಲ್ಲ. ಸರ್ಕಾರದ ನೆಲವನ್ನು ಮಾರುವಂತಿಲ್ಲ ನಿಜ. ದೀರ್ಘಾವಧಿಯ ಗುತ್ತಿಗೆಗೆ ಕೊಡಬಹುದು. ಒಳ್ಳೆಯ ಮರಳಿರುವ ತೀರಗಳ ಬಹುಪಾಲು ಹೀಗೆ ಹೋಟೆಲುಗಳಿಗೂ ಅನುಕೂಲಸ್ಥರ ಬಂಗಲೆಗಳಿಗೂ ಸೇರಿದೆ. ಒಂದು ದಿನ ಪೂರ್ವದ ಬೆಲ್ ಮಾರ್ ಬಳಿ ನೀರಿನಂಚಿನಲ್ಲೇ ನಡೆಯುತ್ತ ಹೋದಾಗ, ಹೋಟೆಲೊಂದರ ಕಾವಲುಗಾರ ನಮ್ಮನ್ನು ತಡೆದು ಹಿಂತಿರುಗುವಂತೆ ಸನ್ನೆ ಮಾಡಿದ. ಬೀಗರು ಮುಂದೆ ಬಂದು ಕ್ರಿಯೋಲ್ ಭಾಷೆಯಲ್ಲಿ ನಾಲ್ಕೇ ಮಾತು ಆಡಿದರು. ಅವನು ತಲೆ ತಗ್ಗಿಸಿ ಪಕ್ಕಕ್ಕೆ ಸರಿದ. ಏನೆಂದಿರಿ ಎಂದು ಕೇಳಿದೆ. ‘ಉಬ್ಬರದ ಗೆರೆಯ ಕೆಳಗೆ ನಡೆಯುತ್ತಿದ್ದೇವೆ, ಇದು ನಿನ್ನ ತಾಯಿಯದೂ ಹೌದು, ನಿನ್ನ ಯಜಮಾನನದಲ್ಲ ಎಂದೆ’ ಎಂದರು. ಸ್ವಲ್ಪ ದೂರ ನಡೆದ ಮೇಲೆ, ತಾವು ಮೂವತ್ತೊಂದು ವರ್ಷ ದುಡಿದ ಹೋಟೆಲಿನ ಮುಂದಿನ ಮರಳಿನ ಮೇಲೆ ಒಮ್ಮೆಯೂ ಕೂತಿರಲಿಲ್ಲವೆಂದೂ, ನಿವೃತ್ತಿಯ ಮರುದಿನವೇ ಹೆಂಡತಿಯೊಡನೆ ಹೋಗಿ ಕೂತು ಬಂದದ್ದಾಗಿಯೂ ಹೇಳಿದರು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಹೋಟೆಲುಗಳ ಪರವಾದ ವಾದ ತಿಳಿಯದ್ದಲ್ಲ. 1961ರಲ್ಲಿ ಜೇಮ್ಸ್ ಮೀಡ್ ಮಾರಿಷಸ್ಸಿನ ಆರ್ಥಿಕ ಸ್ಥಿತಿಯ ಬಗ್ಗೆ ಒಂದು ವರದಿ ಬರೆದರು. ಮುಂದೆ 1977ರಲ್ಲಿ ನೊಬೆಲ್ ಪುರಸ್ಕಾರ ಪಡೆದ ಅದೇ ಮೀಡ್. ಏರುತ್ತಿರುವ ಜನಸಂಖ್ಯೆ, ಸಕ್ಕರೆಯೊಂದನ್ನೇ ನೆಚ್ಚಿದ ರಫ್ತು, ಹಲವು ಜನಾಂಗಗಳ ತಿಕ್ಕಾಟ ಇವನ್ನೆಲ್ಲ ನೋಡಿ ಆ ದ್ವೀಪದ ಶಾಂತಿಯುತ ಪ್ರಗತಿಯ ಬಗ್ಗೆ ಅವರು ನಿರಾಶರಾಗಿದ್ದರು. ನಾವು ಎಂ.ಎ. ಓದುವಾಗ ಈ ಉದಾಹರಣೆಯನ್ನು ಪಾಠದಲ್ಲಿ ಕೇಳಿದ್ದೆವು. ಮೀಡ್ ಅವರ ಭವಿಷ್ಯ ಸುಳ್ಳಾಯಿತು. 1968ರಲ್ಲಿ ಸ್ವತಂತ್ರವಾದ ದೇಶ 1970ರಲ್ಲಿ ರಫ್ತು ಸಂಸ್ಕರಣಾ ವಲಯ ತೆರೆದು ಜವಳಿ ಬೆಳೆಸಿತು, ಬಳಿಕ ಪ್ರವಾಸೋದ್ಯಮ, ಆಮೇಲೆ ಹಣಕಾಸು ಸೇವೆ. ಸುಮಾರು ಹನ್ನೆರಡೂವರೆ ಲಕ್ಷ ಜನರ ಆ ದೇಶಕ್ಕೆ 2018ರಲ್ಲಿ ಬಂದ ಪ್ರವಾಸಿಗರು ಹತ್ತಿರ ಹತ್ತಿರ ಹದಿನಾಲ್ಕು ಲಕ್ಷ. ಬೀಗರ ಮಗ ಬೆಂಗಳೂರಿನಲ್ಲಿ ಓದಿದ್ದು ಹೋಟೆಲಿನ ಸಂಬಳದಿಂದಲೇ. ಆದ್ದರಿಂದ ಹೋಟೆಲು ಬೇಡವೆಂದು ಹೇಳುವ ಹಕ್ಕು ಹೊರಗಿನಿಂದ ಹೋದ ನನಗಿಲ್ಲ. ಹೋಟೆಲು ಕಟ್ಟುವಾಗ ಕಡಲಿಗೆ ಹೋಗುವ ದಾರಿ ಏನಾಯಿತು ಎಂದು ಕೇಳುವ ಹಕ್ಕು ಮಾತ್ರ ಎಲ್ಲರಿಗೂ ಇದೆ. ಈ ಪ್ರಶ್ನೆಯನ್ನು ಕೇಳಬೇಕಾಗಿದ್ದಾಗ ಕೇಳದವನು ನಾನು. ಅದನ್ನಿಲ್ಲಿ ಹೇಳದೆ ಮುಂದೆ ಬರೆಯುವುದು ಅಪ್ರಾಮಾಣಿಕವಾಗುತ್ತದೆ.

1993ರಲ್ಲಿ ನಾನು ನಮ್ಮ ಕರಾವಳಿಯ ಒಂದು ಉಪವಿಭಾಗದಲ್ಲಿ ಅಧಿಕಾರಿಯಾಗಿದ್ದೆ. ಕಡಲಂಚಿನ ಹಳ್ಳಿಯೊಂದರಲ್ಲಿ ವಿಶ್ರಾಂತಿಧಾಮ ಕಟ್ಟಲು ಭೂಪರಿವರ್ತನೆ ಕೋರಿದ ಕಡತ ನನ್ನ ಮೇಜಿಗೆ ಬಂತು. ಎರಡು ವರ್ಷ ಹಿಂದೆಯಷ್ಟೇ, 1991ರಲ್ಲಿ, ಕೇಂದ್ರ ಸರ್ಕಾರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಹೊರಡಿಸಿತ್ತು. ಜನರು ಕಡಲಿಗೆ ಹೋಗಿಬರಲು ಎರಡು ಹೋಟೆಲುಗಳ ನಡುವೆ ಕನಿಷ್ಠ 20 ಮೀಟರ್ ಅಂತರ ಬಿಡಬೇಕೆಂದು ಅದರಲ್ಲಿ ಸ್ಪಷ್ಟವಾಗಿತ್ತು. ಆ ಹಳ್ಳಿಯಲ್ಲಿ ಇದ್ದದ್ದು ಒಂದೇ ಹೋಟೆಲು. ಒಂದೇ ಇದ್ದ ಮೇಲೆ ‘ಎರಡರ ನಡುವೆ’ ಎಂಬ ಮಾತು ಹೇಗೆ ಅನ್ವಯವಾದೀತು? ಗ್ರಾಮ ನಕ್ಷೆಯಲ್ಲಿ ದಾರಿ ಇರಲಿಲ್ಲ, ಪಹಣಿಯಲ್ಲಿ ದಾರಿಯ ನಮೂದಿರಲಿಲ್ಲ. ಬಂಡವಾಳ ಎಷ್ಟು, ಉದ್ಯೋಗ ಎಷ್ಟು, ಸರ್ಕಾರಕ್ಕೆ ಬರುವ ಆದಾಯ ಎಷ್ಟು ಎಂಬುದಕ್ಕೆಲ್ಲ ಅಂಕಣಗಳಿದ್ದವು, ಅವು ಭರ್ತಿಯಾಗಿದ್ದವು. ‘ಆಕ್ಷೇಪಣೆ ಇರುವುದಿಲ್ಲ’ ಎಂದು ಷರಾ ಬರೆದು ಮೇಲಕ್ಕೆ ಕಳುಹಿಸಿದೆ. ಸ್ಥಳ ತನಿಖೆಗೆ ಹೋಗಿರಲಿಲ್ಲ. ಮಳೆಗಾಲ, ನೆರೆ ಪರಿಹಾರದ ಕೆಲಸ ಮೈಮೇಲಿತ್ತು.

ಮೂರು ವರ್ಷದ ನಂತರ ಬೇರೊಂದು ಕೆಲಸಕ್ಕೆ ಆ ಹಳ್ಳಿಗೆ ಹೋದಾಗ ಕೆಂಪುಕಲ್ಲಿನ ಉದ್ದನೆಯ ಗೋಡೆ ಎದ್ದಿತ್ತು. ಮೀನಿನ ಬುಟ್ಟಿ ಹೊತ್ತ ನಡುವಯಸ್ಸಿನ ಹೆಂಗಸೊಬ್ಬಳು ಗೋಡೆಯ ಪಕ್ಕದಲ್ಲಿ ಬರುತ್ತಿದ್ದಳು. ದಾರಿ ಎಷ್ಟು ದೂರವಾಯಿತು ಎಂದು ಕೇಳಿದೆ. ‘ಮುಂಚೆ ಬುಟ್ಟಿ ಹೊತ್ತು ಬರುವಷ್ಟರಲ್ಲಿ ನೀರು ಸೋರಿ ಮುಗಿಯುತ್ತಿರಲಿಲ್ಲ, ಈಗ ರಸ್ತೆ ಸೇರುವ ಮೊದಲೇ ಮೀನು ಒಣಗುತ್ತದೆ’ ಎಂದಳು. ಅವಳ ದನಿಯಲ್ಲಿ ಕೋಪವೇನೂ ಇರಲಿಲ್ಲ. ಗೋಡೆಗೆ ಒಪ್ಪಿಗೆ ಬರೆದವನು ಎದುರಿಗೇ ನಿಂತಿದ್ದಾನೆಂದು ಅವಳಿಗೆ ತಿಳಿದಿರಲಿಲ್ಲ. ನಾನೂ ಹೇಳಲಿಲ್ಲ.

ಆ ಷರಾ ಕಾನೂನಿಗೆ ವಿರುದ್ಧವಾಗಿರಲಿಲ್ಲ. ಯಾರೂ ನನಗೆ ಆಮಿಷ ಒಡ್ಡಿರಲಿಲ್ಲ. ತಪ್ಪು ಇದ್ದದ್ದು ಬೇರೆಡೆ. ಬೆಲೆ ಇಲ್ಲದ ವಸ್ತು ಕಡತದಲ್ಲಿ ಕಾಣುವುದಿಲ್ಲ. ಹೋಟೆಲಿನ ಕೋಣೆಗೆ ಬಾಡಿಗೆ ಇದೆ, ಆದ್ದರಿಂದ ಅದು ರಾಷ್ಟ್ರೀಯ ಉತ್ಪನ್ನದ ಲೆಕ್ಕಕ್ಕೆ ಬರುತ್ತದೆ. ಗಾಳಿಮರದ ಕೆಳಗೆ ಅಜ್ಜಿ ಕೂತ ಸಂಜೆಗೆ ಬಾಡಿಗೆ ಇಲ್ಲ, ಮೀನುಗಾರ ಹೆಂಗಸಿನ ಕಾಲುದಾರಿಗೆ ಸುಂಕ ಇಲ್ಲ. ಅವು ಇದ್ದರೂ ಶೂನ್ಯ, ಹೋದರೂ ಶೂನ್ಯ. ಅರ್ಥಶಾಸ್ತ್ರಜ್ಞರಿಗೆ ಈ ಲೋಪ ಗೊತ್ತಿಲ್ಲವೆಂದಲ್ಲ. ಪಠ್ಯಪುಸ್ತಕದಲ್ಲಿ ಅದಕ್ಕೆ ಹೆಸರುಗಳೂ ಇವೆ. ಆದರೆ ತಾಲ್ಲೂಕು ಕಚೇರಿಯ ನಮೂನೆಗಳಲ್ಲಿ ಅದಕ್ಕೊಂದು ಅಂಕಣ ಇಲ್ಲ. ಅಂಕಣವಿಲ್ಲದ್ದನ್ನು ಕಾಣಲು ಅಧಿಕಾರಿ ಎದ್ದು ಹೋಗಿ ನೋಡಬೇಕು. ನಾನು ಹೋಗಲಿಲ್ಲ.

ಕಾನೂನಿನ ತತ್ತ್ವ ಈ ವಿಷಯದಲ್ಲಿ ಬಹಳ ಹಳೆಯದು, ಬಹಳ ಗಟ್ಟಿಯದು. ಆರನೆಯ ಶತಮಾನದ ಜಸ್ಟಿನಿಯನ್ ಸಂಹಿತೆಯೇ ಗಾಳಿ, ಹರಿಯುವ ನೀರು, ಕಡಲು ಮತ್ತು ಕಡಲತೀರ ಎಲ್ಲರಿಗೂ ಸೇರಿದವೆಂದಿತ್ತು. ನಮ್ಮ ಸುಪ್ರೀಂ ಕೋರ್ಟು 1996ರಲ್ಲಿ, ಬಿಯಾಸ್ ನದಿಯ ದಂಡೆಯ ಹೋಟೆಲೊಂದರ ಪ್ರಕರಣದಲ್ಲಿ, ಇಂಥ ಸಂಪತ್ತಿಗೆ ಸರ್ಕಾರ ಒಡೆಯನಲ್ಲ, ಜನರ ಪರವಾಗಿ ಕಾಯುವ ಧರ್ಮದರ್ಶಿ ಮಾತ್ರ ಎಂಬ ಸಿದ್ಧಾಂತವನ್ನು ಎತ್ತಿಹಿಡಿಯಿತು. ಆದರೂ ಕಾನೂನು ತಾನಾಗಿಯೇ ಕಡಲತೀರವನ್ನು ಕಾಯುವುದಿಲ್ಲ ಎಂಬುದು ಮಾರಿಷಸ್ಸಿನಿಂದ ನಾನು ಕಲಿತು ಬಂದ ಪಾಠ. ಅಲ್ಲಿ ಕಾಯುತ್ತಿರುವುದು ಅಜ್ಜಿಯಂಥವರ ಅಭ್ಯಾಸ. ಪ್ರತಿ ಭಾನುವಾರ, ಪ್ರತಿ ರಜೆಯ ದಿನ, ಹೊಸ ವರ್ಷದ ಮೊದಲ ವಾರ ಇಡೀ ದೇಶವೇ ಹಂಡೆ ಹೊತ್ತು ತೀರಕ್ಕೆ ಬರುವುದರಿಂದ ಆ ನೆಲದ ಮೇಲೆ ಕೈಯಿಡುವವನು ಎರಡು ಬಾರಿ ಯೋಚಿಸಬೇಕಾಗುತ್ತದೆ. ದಕ್ಷಿಣದ ಪೊಂಪೊನೆಟ್ ಎಂಬ ತೀರವನ್ನು ಹೋಟೆಲೊಂದಕ್ಕಾಗಿ ಸಾರ್ವಜನಿಕ ಪಟ್ಟಿಯಿಂದ ತೆಗೆದುಹಾಕಿದಾಗ ಬೀದಿಗಿಳಿದವರಲ್ಲಿ ಪರಿಸರವಾದಿಗಳ ಜೊತೆಗೆ ಅಲ್ಲಿ ವನಭೋಜನ ಮಾಡುತ್ತಿದ್ದ ಸಂಸಾರಸ್ಥರೂ ಇದ್ದರು. ‘ನಮ್ಮ ತೀರ ಕದಿಯುವುದನ್ನು ನಿಲ್ಲಿಸಿ’ ಎಂಬುದೇ ಆ ಚಳವಳಿಯ ಹೆಸರು.

ಅದಕ್ಕಿಂತ ದೊಡ್ಡ ಪರೀಕ್ಷೆ 2020ರಲ್ಲಿ ಬಂತು. ಜುಲೈ 25ರಂದು ‘ವಾಕಾಶಿಯೊ’ ಎಂಬ ಜಪಾನೀ ಒಡೆತನದ ಸರಕುಹಡಗು ಆಗ್ನೇಯದ ಹವಳದ ದಿಬ್ಬಕ್ಕೆ ಬಡಿಯಿತು. ಆಗಸ್ಟ್ ಮೊದಲ ವಾರದಲ್ಲಿ ಸುಮಾರು ಸಾವಿರ ಟನ್ ತೈಲ ತಿಳಿನೀರಿಗೆ ಸೋರಿತು. ಸಾವಿರಾರು ಜನ ಕೆಲಸ ಬಿಟ್ಟು ದಡಕ್ಕೆ ಧಾವಿಸಿದರು. ಕಬ್ಬಿನ ಒಣ ರವದಿಯನ್ನು ಬಟ್ಟೆಯ ಚೀಲಗಳಿಗೆ ತುಂಬಿ, ಹೊಲಿದು, ಒಂದಕ್ಕೊಂದು ಕಟ್ಟಿ, ತೈಲ ತಡೆಯುವ ತೇಲುಬೇಲಿ ಮಾಡಿದರು. ನನ್ನ ಸೋದರ ಸೊಸೆ ಐದು ದಿನ ಚೀಲ ಹೊಲಿದಳಂತೆ; ಅಜ್ಜಿ ತಮ್ಮ ಹಳೆಯ ಸೀರೆಗಳನ್ನು ಕೊಟ್ಟರಂತೆ. ತಾವು ಕೂತು ಎದ್ದು ಬಂದ ಜಾಗಕ್ಕಾಗಿ ಮಾತ್ರ ಜನ ಹೀಗೆ ಓಡಿಬರುತ್ತಾರೆ. ಅಂದು ಕಪ್ಪಾಗಿದ್ದ ಕಡಲಿನ ನೆರೆಯ ಬ್ಲೂ ಬೇಯಲ್ಲಿ ನಾವು ಗಾಜಿನ ತಳದ ದೋಣಿಯಿಂದ ಹವಳವನ್ನೂ ಬಣ್ಣದ ಮೀನುಗಳನ್ನೂ ನೋಡಿದೆವು.

ಆ ಹವಳವಿಲ್ಲದೆ ಆ ಮರಳೂ ಇಲ್ಲ. ದ್ವೀಪದ ಬಿಳಿ ಮರಳೆಂದರೆ ಹವಳ ಮತ್ತು ಚಿಪ್ಪುಗಳ ಪುಡಿ. ಹವಳದ ದಿಬ್ಬ ಹೊರಗಿನ ಅಲೆಗಳನ್ನು ಮುರಿಯುವುದರಿಂದಲೇ ಒಳಗಿನ ನೀರು ಕೆರೆಯಂತೆ ಶಾಂತವಾಗಿರುತ್ತದೆ. ದಿಬ್ಬವಿಲ್ಲದ ದಕ್ಷಿಣದ ಗ್ರಿ ಗ್ರಿಯಲ್ಲಿ ನಿಂತು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ: ಅಲ್ಲಿ ಕಡಲು ಕಪ್ಪು ಬಂಡೆಗೆ ನೇರವಾಗಿ ಅಪ್ಪಳಿಸುತ್ತದೆ. ತಿಳಿನೀರಿನಿಂದ ಮರಳು ತೆಗೆಯುವುದನ್ನು ಮಾರಿಷಸ್ 2001ರಲ್ಲಿ ನಿಷೇಧಿಸಿತು. ಆದರೂ ಕಾಯುವ ಕಡಲು ಹವಳವನ್ನು ಬಿಳಿಚಿಸುತ್ತಿದೆ, ಏರುವ ಕಡಲು ಮರಳನ್ನು ಒಯ್ಯುತ್ತಿದೆ. ಫ್ಲಿಕ್ ಆಂ ಫ್ಲಾಕ್‌ನಲ್ಲಿ ನಾವು ಕೂತ ಮರದ ಬೇರುಗಳು ಗಾಳಿಗೆ ತೆರೆದುಕೊಂಡಿದ್ದವು. ಇಲ್ಲಿ ಒಂದು ಸೂಕ್ಷ್ಮ ಅಡಗಿದೆ. ಕಡಲು ಏರಿದಂತೆ ಉಬ್ಬರದ ಗೆರೆ ಒಳಕ್ಕೆ ಬರುತ್ತದೆ. ಹೋಟೆಲಿನ ಗೋಡೆ ಮಾತ್ರ ಇದ್ದಲ್ಲೇ ಇರುತ್ತದೆ. ನಡುವೆ ಕರಗಿಹೋಗುವುದು ಸಾರ್ವಜನಿಕರ ಪಾಲು. ಉಳ್ಳಾಲದ ತಡೆಗೋಡೆಯ ಕಲ್ಲುರಾಶಿಯ ಮೇಲೆ ನಿಂತವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮಾರಿಷಸ್ ದ್ವೀಪದ ಕರಾವಳಿಯ ಉದ್ದ 322 ಕಿಲೋಮೀಟರು. ನಮ್ಮ ರಾಜ್ಯದ ಕರಾವಳಿ ಎಂದು ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು 320 ಕಿಲೋಮೀಟರು. ಹೋಲಿಕೆ ಅಲ್ಲಿಗೇ ನಿಲ್ಲುವುದಿಲ್ಲ. ಅಜ್ಜಿ ಕೂರುವ ಗಾಳಿಮರ ನಮ್ಮ ದೇಶದಲ್ಲಿ ಮೊದಲು ಬೇರೂರಿದ್ದು 1860ರ ದಶಕದಲ್ಲಿ, ಕಾರವಾರದ ಮರಳಿನಲ್ಲಿ. ಆದರೆ ನಮ್ಮ ಕಡಲತೀರವನ್ನು ‘ನಮ್ಮದು’ ಎಂದು ಬಳಸುವವರು ಯಾರು? ಮೀನುಗಾರರು ಮತ್ತು ತೀರದ ಪಟ್ಟಣಗಳವರು. ಘಟ್ಟದ ಮೇಲಿನ ನಮಗೆ ಕಡಲೆಂದರೆ ವರ್ಷಕ್ಕೊಮ್ಮೆ ಭಾವಚಿತ್ರ ತೆಗೆಸಿಕೊಳ್ಳುವ ಸ್ಥಳ. 2020ರ ಜನವರಿಯಲ್ಲಿ ಬಂದರು ವಿಸ್ತರಣೆಗೆ ಊರಿನ ತೀರವೇ ಹೋಗುತ್ತದೆಂದು ಕಾರವಾರದ ಜನ ಬೀದಿಗಿಳಿದಾಗ, ಬೆಂಗಳೂರಿನ ನಾವು ಅದನ್ನು ಒಳಪುಟದ ಸುದ್ದಿಯಾಗಿ ಓದಿ ಮಡಚಿಟ್ಟೆವು. ಅದೇ 2020ರಲ್ಲಿ ಕಾಸರಕೋಡು ಮತ್ತು ಪಡುಬಿದ್ರಿಯ ತೀರಗಳಿಗೆ ಅಂತರರಾಷ್ಟ್ರೀಯ ‘ನೀಲಿ ಬಾವುಟ’ದ ಮನ್ನಣೆ ಬಂದಾಗ ಸಂತೋಷಪಟ್ಟೆವು. ಸ್ವಚ್ಛ ತೀರ ಬೇಕು ನಿಜ. ತೀರದ ಬಳಿಗೆ ಹೋಗುವ ದಾರಿಯೂ ಅಷ್ಟೇ ಬೇಕು. ಈ ನಡುವೆ 2019ರ ಜನವರಿಯಲ್ಲಿ ಪ್ರಕಟವಾದ ಹೊಸ ಅಧಿಸೂಚನೆ, ಜನದಟ್ಟಣೆಯ ಗ್ರಾಮೀಣ ತೀರಗಳಲ್ಲಿ ಕಟ್ಟಡ ಕಟ್ಟಬಾರದ ವಲಯವನ್ನು 200 ಮೀಟರಿನಿಂದ 50 ಮೀಟರಿಗೆ ಇಳಿಸಿತು. ಮುಂದಿನ ದಿನಗಳಲ್ಲಿ ಉಪವಿಭಾಗಾಧಿಕಾರಿಗಳ ಮೇಜಿಗೆ ಬರುವ ಕಡತಗಳು ಹೆಚ್ಚಾಗುತ್ತವೆಯೇ ಹೊರತು ಕಡಿಮೆಯಾಗುವುದಿಲ್ಲ.

ಆದ್ದರಿಂದ ಅನುಭವದಿಂದ ಎರಡು ಸಲಹೆ. ಮೊದಲನೆಯದು, ಕರಾವಳಿಯ ಮೂರೂ ಜಿಲ್ಲೆಗಳಲ್ಲಿ ಊರಿನಿಂದ ಕಡಲಿಗೆ ಹೋಗುವ ಪ್ರತಿಯೊಂದು ಕಾಲುದಾರಿಯನ್ನೂ ಸರ್ವೆ ಮಾಡಿಸಿ, ಗ್ರಾಮಸಭೆಯಲ್ಲಿ ಓದಿ ಹೇಳಿ, ಗ್ರಾಮ ನಕ್ಷೆಯಲ್ಲಿ ಸಾರ್ವಜನಿಕ ದಾರಿಯಾಗಿ ಗುರುತಿಸಬೇಕು. ಭೂಮಾಲೀಕರ ಹಕ್ಕಿಗೆ ಇದರಿಂದ ಧಕ್ಕೆಯಾಗುವ ಕಡೆ ಪರಿಹಾರ ಕೊಡಬೇಕು. ಒಂದು ಕಾಲುದಾರಿಯ ಅಗಲದ ನೆಲಕ್ಕೆ ಸರ್ಕಾರ ದಿವಾಳಿಯಾಗುವುದಿಲ್ಲ. ಎರಡನೆಯದು, ತೀರದ ಭೂಪರಿವರ್ತನೆಯ ಅರ್ಜಿ ನಮೂನೆಗೆ ಒಂದೇ ಒಂದು ಅಂಕಣ ಸೇರಿಸಬೇಕು: ‘ಈ ನೆಲದ ಮೂಲಕ ಯಾರು ಕಡಲಿಗೆ ಹೋಗುತ್ತಾರೆ?’ ಉತ್ತರವನ್ನು ಅಧಿಕಾರಿ ಸ್ಥಳಕ್ಕೆ ಹೋಗಿ, ಬೆಳಗಿನ ಮೀನಿನ ಹೊತ್ತಿಗೆ ನಿಂತು, ನೋಡಿ ಬರೆಯಬೇಕು. ಇದಕ್ಕೆ ಹೊಸ ಪ್ರಾಧಿಕಾರ ಬೇಕಾಗಿಲ್ಲ, ವಿದೇಶಿ ಸಲಹೆಗಾರರೂ ಬೇಕಾಗಿಲ್ಲ.

ಉಳಿದದ್ದು ಸರ್ಕಾರದ ಕೆಲಸವಲ್ಲ, ನಮ್ಮದು. ಘಟ್ಟ ಇಳಿದಾಗ ಹೋಟೆಲಿನ ಕಿಟಕಿಯಿಂದ ಕಡಲು ನೋಡಿ ಹಿಂತಿರುಗುವ ಬದಲು ಊರವರ ದಾರಿಯಲ್ಲಿ ನಡೆದು ತೀರಕ್ಕೆ ಹೋಗಬೇಕು. ಬುತ್ತಿ ಬಿಚ್ಚಿ ಕೂರಬೇಕು. ಏಳುವಾಗ ನಮ್ಮ ಕಸ ನಾವೇ ಕೊಂಡೊಯ್ಯಬೇಕು. ಹುಲ್ಲು ಬೆಳೆದ ದಾರಿಯನ್ನು ಮುಚ್ಚುವುದು ಸುಲಭ, ದಿನವೂ ನಡೆಯುವ ದಾರಿಯನ್ನು ಮುಚ್ಚುವುದು ಕಷ್ಟ.

ಮಾರಿಷಸ್ಸಿನಿಂದ ಹಿಂತಿರುಗಿದ ಮೇಲೆ, 2025ರ ಜನವರಿಯಲ್ಲಿ, ಮೂವತ್ತೆರಡು ವರ್ಷ ಹಿಂದೆ ಷರಾ ಬರೆದ ಆ ಹಳ್ಳಿಗೆ ಹೋಗಿದ್ದೆ. ಗೋಡೆ ಇನ್ನೂ ಇದೆ. ಅದರ ಮೇಲೆ ಈಗ ಗಾಜಿನ ಚೂರು ನೆಟ್ಟಿದ್ದಾರೆ. ಆ ಹೆಂಗಸನ್ನು ವಿಚಾರಿಸಿದೆ; ಹೆಸರು ಕೇಳಿರಲಿಲ್ಲವಾದ್ದರಿಂದ ಯಾರೆಂದು ಯಾರಿಗೂ ಹೇಳಲಾಗಲಿಲ್ಲ. ಹಳೆಯ ದಾರಿ ಎಲ್ಲಿತ್ತೆಂದು ಕೇಳಿದಾಗ ಮಾತ್ರ ನಾಲ್ಕು ಜನ ಒಟ್ಟಿಗೆ ಕೈ ಚಾಚಿ ಗೋಡೆಯ ಒಂದೇ ಕಡೆಗೆ ತೋರಿಸಿದರು. ಅವರ ಸಹಿ ಪಡೆದು, ಸಾರ್ವಜನಿಕ ದಾರಿಯನ್ನು ತೆರವು ಮಾಡಿಸುವಂತೆ ಕೋರಿ ಸಾಮಾನ್ಯ ನಾಗರಿಕನಾಗಿ ಅರ್ಜಿ ಸಲ್ಲಿಸಿದ್ದೇನೆ. ಗುಮಾಸ್ತ ನಕ್ಷೆ ತೆಗೆದು ನೋಡಿ, ಇಲ್ಲಿ ದಾರಿಯೇ ಇಲ್ಲವಲ್ಲ ಸರ್ ಎಂದ. ಇದೆ, ಬಂದು ನೋಡಿ ಎಂದೆ. ಸ್ವೀಕೃತಿ ಪತ್ರ ಕೊಟ್ಟಿದ್ದಾರೆ, ಉತ್ತರಕ್ಕಾಗಿ ಕಾಯುತ್ತಿದ್ದೇನೆ.